ಬಾಣಂತಿ ಕೋಣೆಯ ಅಲಾರಂ

ನನ್ನ ಮಗಳು ಚೊಚ್ಚಲ ಹೆರಿಗೆಗೆ ಇಂಡಿ ಊರಿನ ನಮ್ಮ ಮನೆಗೆ ಬಂದದ್ದು ಚಳಿಗಾಲದಲ್ಲಿ. ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ನನ್ನ ಅವ್ವ ಮನೆಯ ಆಡಳಿತವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಳು. ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಬಾಣಂತನವಿದ್ದರೂ ಅವ್ವನಿಗೆ ಕರೆ ಬರುತ್ತದೆ. ತಾಂಬಾ, ಸಿಂದಗಿ, ಹೂವಿನ ಹಿಪ್ಪರಗಿ ಎಂದು ಊರೂರಿಗೆ ಹೋಗಿ ಅವಳು ಎಣ್ಣೆ ತಿಕ್ಕಿ ಎರೆದ ಮಕ್ಕಳು ಈಗ ಮೀಸೆ ತಿರುವುತ್ತ ಓಡಾಡುತ್ತಿದ್ದಾರೆ. ಇದಂತೂ ಸ್ವಂತ ಮೊಮ್ಮಗಳ ಬಾಣಂತನ. ಅಂಟಿನ ಉಂಡಿ ಕಟ್ಟಿಸಿದಳು, ಹಳೆಯ ನೂಲಿನ ಸೀರೆಗಳನ್ನು ಒಗೆದು ಮಡಚಿಟ್ಟಳು, ಅಟ್ಟದ ಮೇಲಿದ್ದ ಕಬ್ಬಿಣದ ಶೆಗಡಿಯನ್ನು ಇಳಿಸಿ ತಿಕ್ಕಿಸಿದಳು. ಶೆಗಡಿ ಎಂದರೆ ಕೆಂಡ ತುಂಬುವ ಸಣ್ಣ ಒಲೆ. ಅದನ್ನು ಬಾಣಂತಿಯ ಮಂಚದ ಕೆಳಗಿಟ್ಟು ಬಾಗಿಲು ಮುಚ್ಚಿದರೆ ಬೆನ್ನಿಗೆ ಕಾವು ಹತ್ತಿ ಮೈ ಗಟ್ಟಿಯಾಗುತ್ತದೆ ಎಂಬುದು ಅವ್ವನ ನಂಬಿಕೆ. ನಾನು ಹುಟ್ಟಿದಾಗಲೂ ಹಾಗೆಯೇ ಮಾಡಿದ್ದರಂತೆ.

ಬಾಣಂತಿ ಕೋಣೆಯಲ್ಲಿ ಗಂಡಸರಿಗೆ ಏನೂ ಕೆಲಸವಿಲ್ಲ. ನನ್ನದು ನಿಂಬೆ ತೋಟದವರಿಗೆ ಹನಿ ನೀರಾವರಿಯ ಪೈಪು ಮಾರುವ ಅಂಗಡಿ. ಬೆಳಿಗ್ಗೆ ಅಂಗಡಿಗೆ ಹೊರಡುವ ಮುನ್ನ ಕೋಣೆಯ ಹೊಸ್ತಿಲ ಹೊರಗೆ ನಿಂತು, ಕುಂಚಿಗೆಯೊಳಗಿಂದ ಇಣುಕುವ ಮೊಮ್ಮಗಳ ಮುಖ ನೋಡುವುದಷ್ಟೇ ನನಗಿದ್ದ ಅಪ್ಪಣೆ. ಅದಕ್ಕಿಂತ ಒಂದಡಿ ಮುಂದಿಟ್ಟರೆ ಅವ್ವ ನನ್ನ ಕಾಲನ್ನೇ ದಿಟ್ಟಿಸುತ್ತಿದ್ದಳು. ಅಷ್ಟು ಸಾಕಾಗುತ್ತಿತ್ತು.

ಮಗು ಮನೆಗೆ ಬಂದ ವಾರದಲ್ಲೇ ಅಳಿಯ ಮುದ್ದೇಬಿಹಾಳದಿಂದ ಬಂದ. ಅಲ್ಲಿಯ ಕಾಲುವೆ ಕಚೇರಿಯಲ್ಲಿ ಎಂಜಿನಿಯರು. ಮಾತು ಕಡಿಮೆ, ಹೆಂಡತಿಯ ಮನೆಗೆ ಬಂದಾಗ ಇನ್ನೂ ಕಡಿಮೆ. ಒಂದು ಕೈಯಲ್ಲಿ ಪೇಡೆ, ಇನ್ನೊಂದರಲ್ಲಿ ಒಂದು ಪುಟ್ಟ ಪೆಟ್ಟಿಗೆ. ಮಗುವಿಗೆ ಏನೋ ಬಂಗಾರದ್ದೇ ಇರಬೇಕೆಂದು ನನ್ನ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಒಳಗಿಂದ ಹೊರಬಂದದ್ದು ಸೋಪಿನ ಡಬ್ಬಿಯಷ್ಟಿದ್ದ ಬಿಳಿ ಪ್ಲಾಸ್ಟಿಕ್ ಯಂತ್ರ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಎಂದ.

ಅದನ್ನು ಯಾಕೆ ತಂದನೆಂದು ಅವನೇ ನಿಧಾನವಾಗಿ ಹೇಳಿದ. ಮುದ್ದೇಬಿಹಾಳದಲ್ಲಿ ಅವರ ಪಕ್ಕದ ಮನೆಯ ಹೆಣ್ಣುಮಗಳೊಬ್ಬಳು ಗ್ಯಾಸ್ ಗೀಸರ್ ಹಚ್ಚಿಕೊಂಡು ಸ್ನಾನಕ್ಕೆ ನಿಂತವಳು ಬಚ್ಚಲಲ್ಲೇ ಬಿದ್ದುಬಿಟ್ಟಿದ್ದಳಂತೆ. ಬಾಗಿಲು ಒಡೆದು ಹೊರಗೆ ತಂದಿದ್ದರಿಂದ ಉಳಿದಳು. ಮುಚ್ಚಿದ ಕೋಣೆಯಲ್ಲಿ ಗ್ಯಾಸೋ ಇದ್ದಿಲೋ ಉರಿದರೆ ಈ ವಿಷಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆ ನೋಯುತ್ತದೆ, ನಿದ್ದೆ ಬಂದಂತಾಗುತ್ತದೆ, ಏನಾಗುತ್ತಿದೆ ಎಂದು ತಿಳಿಯುವುದರೊಳಗೆ ಎಚ್ಚರ ತಪ್ಪುತ್ತದೆ ಎಂದ. ಆಮೇಲೆ ಅವನು ತನ್ನ ಮನೆಗೊಂದು ಅಲಾರಂ ಹಾಕಿಸಿದ್ದ. ಹೆರಿಗೆಯ ಹೊತ್ತಿಗೆ ಬಂದಾಗ ನಮ್ಮಲ್ಲಿ ಶೆಗಡಿ ತಿಕ್ಕುವುದನ್ನು ನೋಡಿ, ಇನ್ನೊಂದನ್ನು ತರಿಸಿದ್ದ.

ಇಷ್ಟನ್ನೂ ಅವನು ನನಗೆ ಹೇಳುತ್ತಿದ್ದರೂ, ಕೇಳಬೇಕಾದವರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಶೆಗಡಿಯನ್ನೇ ಬಿಟ್ಟರೆ ಒಳ್ಳೆಯದು ಎಂದು ಕೊನೆಗೆ ಒಂದು ಮಾತು ಮೆಲ್ಲಗೆ ಸೇರಿಸಿದ. ಅವ್ವ ಅದನ್ನು ಬಿಡಲಿಲ್ಲ.

"ಹೊಗಿ ಅಂದ ಮ್ಯಾಲ ಕಣ್ಣಿಗಿ ಕಾಣಬೇಕು, ಮೂಗಿಗಿ ಹತ್ತಬೇಕು. ಕಾಣಲಾರದ ಹೊಗಿ ಎಲ್ಲಿದ್ರಿ ಅಳಿಯಂದ್ರ? ಇಷ್ಟು ಬಾಣಂತನ ಮಾಡೇನಿ, ಒಬ್ರಿಗೂ ಏನೂ ಆಗಿಲ್ಲ."

ಅಳಿಯ ವಾದಕ್ಕೆ ಇಳಿಯಲಿಲ್ಲ. ಅಲಾರಂ ಗೋಡೆಗೆ ಇರಲಿ, ಕೆಂಡ ಇದ್ದಷ್ಟು ಹೊತ್ತು ಕಿಟಕಿ ಒಂದಿಷ್ಟು ತೆರೆದಿರಲಿ, ಇಷ್ಟಾದರೂ ನಡೆಸಿಕೊಡಿ ಎಂದು ಕೇಳಿಕೊಂಡ. ಮನೆಗೆ ಬಂದ ಅಳಿಯನ ಮಾತನ್ನು ಪೂರ್ತಿ ತೆಗೆದುಹಾಕುವುದು ಅವ್ವನಿಗೂ ಸರಿಕಾಣಲಿಲ್ಲ. ಮನಸ್ಸಿಟ್ಟು ತಂದಿದ್ದಾರೆ, ಹಾಕಿರಿ ಎಂದಳು. ಶೆಗಡಿ ಮಾತ್ರ ಇರುತ್ತದೆ ಎಂದೂ ಹೇಳಿದಳು.

ಅಂಗಡಿಯಿಂದ ಡ್ರಿಲ್ ಮಷಿನ್ ತಂದೆ. ಆದರೆ ಕೋಣೆಯಲ್ಲಿ ಬಾಣಂತಿ ಇದ್ದಾಳೆ, ಕೂಸು ಮಲಗಿದೆ, ಗೋಡೆ ಕೊರೆಯುವುದು ಯಾವಾಗ? ಮರುದಿನ ಎರೆಯುವ ಹೊತ್ತಿನಲ್ಲಿ ಒಳಗೆ ಹೋಗಿ ಕೆಲಸ ಮುಗಿಸಿಬಿಡಬೇಕೆಂದು ಅವ್ವ ಅಪ್ಪಣೆ ಕೊಟ್ಟಳು. ಅವಳು ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸಿಗೆ ಎರೆಯುತ್ತಿದ್ದಳು. ನಾವು ಮಾವ ಅಳಿಯ ಕಳ್ಳರಂತೆ ಕೋಣೆ ಹೊಕ್ಕೆವು. ಯಂತ್ರದ ಜೊತೆ ಬಂದ ಚೀಟಿಯನ್ನು ಅಳಿಯ ಓದುತ್ತ ಹೋದ. ಮೂಲೆಯಲ್ಲಿ ಬೇಡ, ಪರದೆಯ ಹಿಂದೆ ಬೇಡ, ಕಿಟಕಿಯ ಪಕ್ಕ ಬೇಡ, ಉರಿಯುವುದರ ತೀರ ಹತ್ತಿರವೂ ಬೇಡ, ಮಲಗಿದವರು ಉಸಿರಾಡುವ ಮಟ್ಟದಲ್ಲಿ ಇರಲಿ. ಇಷ್ಟೆಲ್ಲ ಬೇಡಗಳನ್ನು ಕಳೆದ ಮೇಲೆ ಆ ಕೋಣೆಯಲ್ಲಿ ಉಳಿದದ್ದು ಕಪಾಟು ಮತ್ತು ಮಂಚದ ನಡುವಿನ ಒಂದು ತುಂಡು ಗೋಡೆ. ಅವನು ಮಂಚದ ಮೇಲೆ ಮಲಗಿ ಮೂಗಿನ ಎತ್ತರ ತೋರಿಸಿದ, ನಾನು ಪೆನ್ಸಿಲ್ಲಿನಿಂದ ಗುರುತು ಹಾಕಿ ಕೊರೆದೆ. ಧೂಳು ಗುಡಿಸಿ ಹೊರಬರುವಷ್ಟರಲ್ಲಿ ಸಾಂಬ್ರಾಣಿಯ ತಟ್ಟೆ ಹಿಡಿದು ಅವ್ವ ಬಂದೇಬಿಟ್ಟಳು. ಯಂತ್ರವನ್ನು ಒಮ್ಮೆ ನೋಡಿ, ಸೊಟ್ಟ ಕೂತಿದೆ ಎಂದಳು. ನಿಜವಾಗಿಯೂ ಸೊಟ್ಟ ಕೂತಿತ್ತು.

ಹೊರಡುವ ಮೊದಲು ಅಳಿಯ ಪರೀಕ್ಷೆಯ ಗುಂಡಿ ಒತ್ತಿ ತೋರಿಸಿದ. ಅಷ್ಟು ಸಣ್ಣ ಡಬ್ಬಿಯಿಂದ ಅಂಥ ಕೂಗು ಬರುತ್ತದೆಂದು ನಾವ್ಯಾರೂ ಎಣಿಸಿರಲಿಲ್ಲ. ನನ್ನ ಹೆಂಡತಿಯ ಕೈಯಿಂದ ಹಾಲಿನ ಲೋಟ ಜಾರಿತು. ಕೂಸು ಮಾತ್ರ ನಿದ್ದೆಯಲ್ಲೇ ತುಟಿ ಚಪ್ಪರಿಸಿತು. ಗಟ್ಟಿ ಎದೆಯ ಹುಡುಗಿ ಎಂದು ಅವ್ವ ಹಿಗ್ಗಿದಳು. ಯಂತ್ರದ ಪುಟ್ಟ ಪರದೆಯಲ್ಲಿ ಸೊನ್ನೆ ಕಾಣುತ್ತಿತ್ತು. ಅದು ಸೊನ್ನೆ ಇರುವವರೆಗೆ ಚಿಂತೆಯಿಲ್ಲ ಎಂದು ಅಳಿಯ ಹೇಳಿಹೋದ. ಓದು ಬರಹ ಅಷ್ಟಕ್ಕಷ್ಟೇ ಆದರೂ ಅವ್ವನಿಗೆ ಅಂಕಿ ಚೆನ್ನಾಗಿ ಗೊತ್ತು. ಕೂಸು ನೋಡಲು ಬಂದವರಿಗೆಲ್ಲ, ನಮ್ಮ ಕೋಣೆಯಲ್ಲಿ ಸೊನ್ನೆ ಇದೆ ನೋಡಿ ಎಂದು ತೋರಿಸತೊಡಗಿದಳು. ಅದರಲ್ಲಿ ಅಳಿಯನಿಗೊಂದು ಕುಟುಕೂ ಇತ್ತು.

ಕಿಟಕಿ ತೆರೆದಿದ್ದಷ್ಟು ದಿನ ಸೊನ್ನೆ ಅಲ್ಲಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಡಗಣದ ಗಾಳಿ ಎದ್ದಿತು. ಹಲ್ಲು ಕಟಕಟ ಎನ್ನುವಂಥ ಚಳಿ. ಎರೆದುಕೊಂಡು ಬಂದ ಮಗಳು ಕೌದಿ ಹೊದ್ದು ಮಂಚದ ಮೇಲೆ ಮಲಗಿದಳು. ಅವ್ವ ಕಿಟಕಿ ಎಳೆದಳು, ಬಾಗಿಲು ಹಾಕಿದಳು, ಬಾಗಿಲ ಕೆಳಗಿನ ಸಂದಿಗೂ ಹಳೆಯ ಸೀರೆ ತುರುಕಿ, ಶೆಗಡಿಗೆ ಇನ್ನಷ್ಟು ಇದ್ದಿಲು ಹಾಕಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ನಾನು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಕೀ ಕೀ ಎಂದು ಕೇಳಿಸಿತು. ಓಣಿಯಲ್ಲಿ ಯಾವುದೋ ಗಾಡಿ ಹಿಂದಕ್ಕೆ ಬರುತ್ತಿದೆ ಎಂದುಕೊಂಡೆ. ಮತ್ತೆ ಕೇಳಿಸಿತು. ಕೋಣೆಯೊಳಗಿಂದ ಅವ್ವ ಕೂಗಿದಳು.

"ತಮ್ಮಾ, ಬಟನ್ ಯಾಕ ಒತ್ತಾಕತ್ತಿ? ಕೂಸು ಮಲಗೇತಿ."

"ನಾ ಹೊರಗ ಅದೇನಿ ಅವ್ವಾ."

ಅಷ್ಟರಲ್ಲಿ ಅಜ್ಜಿಯನ್ನು ಕರೆಯುವ ಮಗಳ ದನಿ ಬಂತು, ಬಹಳ ಬಳಲಿದ ದನಿ. "ಆಯಿ, ನನಗ ಆಗಿನಿಂದ ತಲಿ ನೋಯಾಕತ್ತೈತಿ."

ನಾನು ಬಾಗಿಲು ನೂಕಿದೆ. ತುರುಕಿದ್ದ ಸೀರೆ ಸಿಕ್ಕಿಕೊಂಡು ಅರ್ಧ ತೆರೆದು ನಿಂತಿತು; ಹೆಗಲು ಕೊಟ್ಟು ಒತ್ತಿದೆ. ಅವ್ವ ಆ ಹೊತ್ತಿಗೆ ಎದ್ದು, ಕೂಸನ್ನು ಸೆರಗಿನೊಳಗೆ ಸುತ್ತಿಕೊಂಡು ಬಾಗಿಲಿಗೆ ಬಂದಿದ್ದಳು. ನನ್ನ ಪಕ್ಕದಿಂದ ಹಾದು ನೆಟ್ಟಗೆ ಅಂಗಳಕ್ಕೆ ಹೋದಳು. ಅಡುಗೆಮನೆಯಿಂದ ಓಡಿಬಂದ ನನ್ನ ಹೆಂಡತಿ ಮಗಳ ತೋಳು ಹಿಡಿದು ಹೊರಗೆ ನಡೆಸಿದಳು. ನಾನು ಉಸಿರು ಬಿಗಿಹಿಡಿದು ಕಿಟಕಿ ಪೂರ್ತಿ ತೆರೆದೆ, ಶೆಗಡಿಯ ಹಿಡಿಕೆಗೆ ಬಟ್ಟೆ ಸುತ್ತಿ ಎತ್ತಿ ಹಿತ್ತಿಲಿಗೆ ಒಯ್ದಿಟ್ಟೆ. ಗೋಡೆಯ ಮೇಲಿನ ಸೊನ್ನೆ ಹೋಗಿ ಅಲ್ಲಿ ದೊಡ್ಡ ಅಂಕಿ ನಿಂತಿತ್ತು. ಎಷ್ಟೆಂದು ಓದುವ ವ್ಯವಧಾನ ನನಗಿರಲಿಲ್ಲ.

ಕಾರಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಹೆರಿಗೆ ಮಾಡಿಸಿದ ಡಾಕ್ಟರಮ್ಮನೇ ಇದ್ದರು. ಕೂಸನ್ನು ತಿರುಗಿಸಿ ಮುರುಗಿಸಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ತಾಯಿಗೂ ಕೂಸಿಗೂ ಆಮ್ಲಜನಕ ಹಚ್ಚಿಸಿದರು. ಅವ್ವನನ್ನೂ ಕೇಳಿದರು. ತನಗೇನೂ ಆಗಿಲ್ಲವೆಂದು ಅವಳು ತಲೆಯಾಡಿಸಿದಳು. ಕುರ್ಚಿಯಿಂದ ಏಳಲು ಹೋಗಿ ಗೋಡೆ ಹಿಡಿದುಕೊಂಡಳು. ಡಾಕ್ಟರಮ್ಮ ಅವಳನ್ನೂ ಮಗಳ ಪಕ್ಕದ ಮಂಚದ ಮೇಲೆ ಮಲಗಿಸಿ ಅವಳ ಮೂಗಿಗೂ ನಳಿಕೆ ಹಾಕಿಸಿದರು. ಮಧ್ಯಾಹ್ನದ ಹೊತ್ತಿಗೆ ಮಗಳ ತಲೆನೋವು ಇಳಿದು ಹಸಿವು ಶುರುವಾಯಿತು. ಮೂವರಿಗೂ ಅಪಾಯವಿಲ್ಲ, ಕೂಗಿದ ಕೂಡಲೇ ಹೊರಗೆ ಬಂದದ್ದು ಒಳ್ಳೆಯದಾಯಿತು ಎಂದು ಡಾಕ್ಟರಮ್ಮ ಹೇಳಿದಾಗ ನನ್ನ ಹೆಂಡತಿ ಅಲ್ಲಿಯವರೆಗೆ ತಡೆದಿದ್ದ ಅಳುವನ್ನು ಬಿಟ್ಟಳು.

ಹೊರಡುವಾಗ ಅವ್ವ ತಾನಾಗಿಯೇ ಡಾಕ್ಟರಮ್ಮನನ್ನು ಕೇಳಿದಳು. "ಹಂಗಾದ್ರ ಬಾಣಂತಿಗಿ ಕಾವೇ ಬ್ಯಾಡೇನ್ರಿ?"

"ಕಾವು ಬೇಕ್ರಿ ಅಮ್ಮಾರ. ಕೋಣ್ಯಾಗ ಕೆಂಡ ಬ್ಯಾಡ, ಹೊಗಿ ಬ್ಯಾಡ."

ಎಳೆಬಿಸಿಲು, ದಪ್ಪ ಕೌದಿ, ಬಿಸಿನೀರಿನ ಚೀಲ, ಇವುಗಳಿಂದಲೇ ಕಾವು ಕೊಡಬಹುದೆಂದು ಅವರು ಬಿಡಿಸಿ ಹೇಳಿದರು. ಅವ್ವ ಗಮನವಿಟ್ಟು ಕೇಳಿದಳು. ಮನೆಗೆ ಬಂದ ಮೇಲೆ ಅವಳು ಹಿತ್ತಿಲಲ್ಲಿ ತಣ್ಣಗಾದ ಶೆಗಡಿಯ ಮುಂದೆ ಬಹಳ ಹೊತ್ತು ಕೂತಿದ್ದಳು. ನಾನು ಹತ್ತಿರ ಹೋಗಿ ಕೂತೆ.

"ನಮ್ಮ ಹಳೇ ಮನಿಗಿ ಮ್ಯಾಲ ಬೆಳಕಿಂಡಿ ಇತ್ತು," ಎಂದಳು ಅವ್ವ. "ಕದದಾಗ ಕೈ ತೂರುವಷ್ಟು ಸಂದಿ ಇದ್ವು. ಎಷ್ಟು ಕೆಂಡ ಹಾಕಿದ್ರೂ ಮನಿ ಉಸಿರಾಡ್ತಿತ್ತು. ಈ ಸಿಮೆಂಟಿನ ಮನಿಗಿ ಬಾಯೇ ಇಲ್ಲಲ್ಲೋ ತಮ್ಮಾ."

ಇಷ್ಟು ವರ್ಷ ಯಾರಿಗೂ ಏನೂ ಆಗದಿದ್ದುದಕ್ಕೆ ಕಾರಣ ಅವಳಿಗೆ ಆ ಕ್ಷಣದಲ್ಲಿ ಹೊಳೆದಿತ್ತು. ನಾನು ಮನೆ ಕಟ್ಟಿಸುವಾಗ ಧೂಳು ಬರಬಾರದೆಂದು ಕಿಟಕಿಗಳನ್ನು ಬಿಗಿಯಾಗಿ ಮಾಡಿಸಿದ್ದನ್ನು ಎಷ್ಟೋ ಜನರ ಮುಂದೆ ಹೊಗಳಿಕೊಂಡಿದ್ದೆ.

ಸುದ್ದಿ ತಿಳಿದ ಅಳಿಯ ಬಸವನ ಬಾಗೇವಾಡಿಯ ಬಸ್ಸು ಹಿಡಿದು, ಮುಂದೆ ಮತ್ತೆರಡು ಬಸ್ಸು ಬದಲಿಸಿ ಅಂದು ಸಂಜೆಯೇ ಬಂದ. ಅವ್ವ ಅವನಿಗೆ ತಾನೇ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ನಿಮ್ಮ ಮಾತೇ ನಿಜವಾಯಿತು ಎಂದೇನೂ ಹೇಳಲಿಲ್ಲ. ರೊಟ್ಟಿಯ ಮೇಲೆ ಹಾಕಿದ ಬೆಣ್ಣೆ ಮಾತ್ರ ನನ್ನ ತಟ್ಟೆಯದಕ್ಕಿಂತ ಎಷ್ಟೋ ದೊಡ್ಡದಿತ್ತು. ಅವನೂ ಆ ವಿಷಯ ಎತ್ತದೆ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡ.

ಮರುದಿನದಿಂದ ಬಾಣಂತನದ ರೀತಿಯೇ ಬದಲಾಯಿತು. ಶೆಗಡಿ ಅಂಗಳಕ್ಕೆ ಹೋಯಿತು. ಅಲ್ಲಿ ಬಟ್ಟೆ ಕಾಯಿಸಿ ಬಿಸಿಬಿಸಿಯಾಗಿ ಒಳಗೆ ತರುತ್ತಿದ್ದರು. ಬಿಸಿಲೇರಿದ ಮೇಲೆ ಮಗಳು ಹಿತ್ತಿಲ ಹಗ್ಗದ ಹೊರಸಿನ ಮೇಲೆ ಬೆನ್ನು ಕಾಯಿಸಿಕೊಂಡು ಅಂಟಿನ ಉಂಡಿ ತಿನ್ನುತ್ತಿದ್ದಳು. ಸಾಂಬ್ರಾಣಿಯ ವಿಷಯದಲ್ಲಿ ಮಾತ್ರ ಅವ್ವ ಚೌಕಾಸಿ ಮಾಡಿದಳು. ಕೊನೆಗೆ ಅದು ದೇವರ ಜಗಲಿಗಷ್ಟೇ ಎಂದಾಯಿತು. ವಾರಕ್ಕೊಮ್ಮೆ ಅಲಾರಮಿನ ಗುಂಡಿ ಒತ್ತಿ ನೋಡುವುದು ಅವಳದೇ ಕೆಲಸ. ಒತ್ತುವ ಮುಂಚೆ ಎಲ್ಲರಿಗೂ ಕೂಗಿ ಹೇಳುತ್ತಿದ್ದಳು, ಲೋಟ ಕೈಯಲ್ಲಿದ್ದವರು ಕೆಳಗಿಡಲಿ ಎಂದು.

ನಗು ಬರುವ ಪ್ರಸಂಗವೊಂದು ಆಮೇಲೆ ನಡೆಯಿತು. ತಾಂಬಾದಿಂದ ಅವ್ವನ ತಂಗಿ, ನಮ್ಮ ಚಿಕ್ಕವ್ವ, ಕೂಸು ನೋಡಲು ಬಂದಿದ್ದಳು. ಮೂಗು ನಮ್ಮ ಕಡೆಯದು ಎಂದು ಅವ್ವ ಹೇಳಿದಳು. ಗೋಡೆಯ ಕಡೆಯಿಂದ ಚಿಕ್ ಎಂದು ಸದ್ದು ಬಂತು. ಹಲ್ಲಿ ನುಡಿದರೆ ಆಡಿದ ಮಾತು ಸತ್ಯ ಎನ್ನುತ್ತಾರಲ್ಲ. ಅಕ್ಕ ತಂಗಿ ಇಬ್ಬರೂ ನೆಲಕ್ಕೆ ಬೆರಳು ಬಡಿದು ಖರೆ ಖರೆ ಎಂದರು. ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿ, ಕಣ್ಣು ಮಾತ್ರ ತನ್ನ ತಾಯಿಯ ಕಣ್ಣೇ ಎಂದಳು. ಮತ್ತೆ ಚಿಕ್. ಅದಕ್ಕೂ ಬೆರಳು ಬಡಿದರು. ಚಿಕ್ಕವ್ವ ತನ್ನ ಸೊಸೆಗೆ ಅಡುಗೆ ಬರುವುದಿಲ್ಲ ಎಂದಳು. ಚಿಕ್. ಅವತ್ತು ಮಧ್ಯಾಹ್ನವೆಲ್ಲ ನಮ್ಮ ಮನೆಯಲ್ಲಿ ಸುಳ್ಳೇ ಹುಟ್ಟಲಿಲ್ಲ. ಊಟಕ್ಕೆ ಬಂದ ನಾನು ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟೆ. ಅಲಾರಮಿನ ಬ್ಯಾಟರಿ ಮುಗಿಯುತ್ತ ಬಂದಿತ್ತು. ಅದು ಬೇರೆ ಹಾಕಿರೆಂದು ಆಗಾಗ ಚಿಕ್ ಎನ್ನುತ್ತಿತ್ತು. ಹೊಸ ಬ್ಯಾಟರಿ ಹಾಕಿದೆ, ಹಲ್ಲಿ ಸುಮ್ಮನಾಯಿತು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಿಕ್ಕವ್ವ ಮಾತ್ರ, ಸೊಸೆಯ ಬಗ್ಗೆ ಹೇಳಿದ್ದು ಯಾರು ನುಡಿದರೂ ನಿಜವೇ ಎಂದು ಪಟ್ಟುಹಿಡಿದಳು.

ತೊಟ್ಟಿಲ ಕಾರ್ಯ ಮುಗಿದು, ಬಿಸಿಲು ಬಲಿತ ಮೇಲೆ ಮಗಳು ಕೂಸಿನೊಂದಿಗೆ ಮುದ್ದೇಬಿಹಾಳಕ್ಕೆ ಹೋದಳು. ಮುಂದಿನ ಚಳಿಗಾಲಕ್ಕೆ ಹೂವಿನ ಹಿಪ್ಪರಗಿಯಲ್ಲಿ ನಮ್ಮ ಸಂಬಂಧಿಕರ ಮಗಳ ಬಾಣಂತನ ಬಂತು, ಅವ್ವನಿಗೆ ಕರೆ ಬಂತು. ಅವಳು ಹೊರಡುವ ಮೊದಲು ಮಾಡಿದ ಕರಾರು ಒಂದೇ: ಕೋಣೆಯೊಳಗೆ ಕೆಂಡ ಇಡುವುದಿಲ್ಲ, ಗೋಡೆಗೆ ಅಲಾರಂ ಇರಬೇಕು. ಅವರ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯೆಂದು ಅವಳು ಮೊದಲೇ ವಿಚಾರಿಸಿಕೊಂಡಿದ್ದಳು. ಅವರು ಅಲಾರಂ ತರಿಸಿಟ್ಟಿದ್ದರು.

ಹೋದ ಮರುದಿನ ಬೆಳಿಗ್ಗೆ ಫೋನ್ ಮಾಡಿದಳು. ಸುಖವಾಗಿ ಮುಟ್ಟಿದೆಯಾ, ಕೂಸು ಹೇಗಿದೆ ಎಂದು ನಾನು ಕೇಳಿದರೆ, ಇಲ್ಲಿಯವರು ಅಲಾರಮನ್ನು ಪರದೆಯ ಹಿಂದೆ ಬಡಿದಿದ್ದರು, ತೆಗೆಸಿ ಬೇರೆ ಕಡೆ ಹಾಕಿಸಿದೆ ಎಂದಳು. ಮಂಚದ ಮೇಲೆ ಮಲಗಿ ಮೂಗಿನ ಎತ್ತರ ತೋರಿಸಿದ್ದು ಯಾರು ಎಂದು ಕೇಳಿದೆ.

"ಮತ್ತ ಯಾರು ತೋರಸ್ತಾರ? ನಾನೇ ಮಲಗಿದ್ನಿ," ಎಂದು ಹೇಳಿ, ಎರೆಯುವ ನೀರು ಕಾದಿದೆ ಎಂದು ಫೋನ್ ಇಟ್ಟಳು.