ಹೊಸ್ತಿಲಾಚೆಯ ಮೀನೆಣ್ಣೆ

ಮೊನ್ನೆ ಮುಲುಂಡಿನ ಔಷಧದಂಗಡಿಯಲ್ಲಿ ಯಾರದೋ ಕೈಯಿಂದ ಮೀನೆಣ್ಣೆಯ ಬಾಟಲಿ ಜಾರಿ ಒಡೆಯಿತು. ಎಲ್ಲರೂ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ನಾನೊಬ್ಬಳೇ ಅಲ್ಲೇ ನಿಂತೆ. ನನಗೆ ಅದು ಅಜ್ಜಿಯ ವಾಸನೆ. ಮಡಿಯ ಅಜ್ಜಿಗೆ ಮೀನಿನ ವಾಸನೆ ಬಂದದ್ದು ಹೇಗೆಂದು ಹೇಳಿದರೆ ನಮ್ಮ ಧಾರವಾಡದ ಬಳಗದವರು ಈಗಲೂ ನಂಬುವುದಿಲ್ಲ.

ಐವತ್ತರ ದಶಕದಲ್ಲಿ ನಾವು ಕುರ್ಲಾದ ಚಾಳಿನಲ್ಲಿದ್ದೆವು. ನನಗಾಗ ಒಂಬತ್ತು ವರ್ಷ. ದೀಪ ಹಚ್ಚುವ ಹೊತ್ತಿಗೆ ಅಂಗಡಿಗೆ ಹೋಗೆಂದರೆ ಅಳುತ್ತಿದ್ದೆ, ಸಾಲುಮನೆಗಳ ಮುಂದಿನ ಗ್ಯಾಲರಿಯಲ್ಲಿ ನಡೆದರೆ ಬಕೆಟ್ಟುಗಳನ್ನು ಎಡವುತ್ತಿದ್ದೆ. ಒಂದು ಸಂಜೆ ಅಜ್ಜಿಯ ಮಡಿನೀರಿನ ಕೊಡವನ್ನೇ ಉರುಳಿಸಿದೆ. "ಮೈಗಳ್ಳಿ! ಕೆಲಸ ತಪ್ಪಿಸಲಿಕ್ಕೆ ನಾಟಕ ಹೂಡ್ಯಾಳ," ಎಂದು ಅವಳಿಂದ ಬೈಸಿಕೊಂಡೆ. ಕತ್ತಲಾದರೆ ಎಲ್ಲರಿಗೂ ಹೀಗೇ ಮಸುಕಾಗುತ್ತದೆಂದು ನಾನು ತಿಳಿದಿದ್ದೆ.

ಕಂಡುಹಿಡಿದವರು ಮಂಗಳೂರಿನ ಕಡೆಯ ನಮ್ಮ ಸುಮತಿ ಟೀಚರು. ಶಾಲೆಗೆ ಬಂದ ಡಾಕ್ಟರಿಗೆ ನನ್ನನ್ನು ತೋರಿಸಿ, ಬಾಟಲಿ ಹಿಡಿದು ಮನೆಗೇ ಬಂದರು. "ಹಟ ಅಲ್ಲ ಅಮ್ಮ, ಇರುಳುಗುರುಡು. ಸೊಪ್ಪು, ಗಜ್ಜರಿ ತಿನ್ನಿಸಿ. ಆದ್ರೆ ಈಗ ಈ ಮೀನೆಣ್ಣೆ ಬೇಕೇ ಬೇಕು. ಬಿಟ್ರೆ ಕಣ್ಣು ಪೂರಾ ಹೋದೀತು, ಮಾರಾಯ್ರೆ."

ಅಮ್ಮ ತಲೆ ತಗ್ಗಿಸಿದಳು. ಮೀನಿನ ಬುಟ್ಟಿ ಗ್ಯಾಲರಿಯಲ್ಲಿ ಹಾದುಹೋದರೂ ಬಾಗಿಲು ಮುಚ್ಚುವ ಮನೆ ನಮ್ಮದು. ಅಜ್ಜಿ ಒಳಗಿನಿಂದ ಎದ್ದು ಬಾಗಿಲಿಗೆ ಬಂದಳು. "ಅದನ್ನ ಹೊಸ್ತಿಲಾಚೆ ಇಡ್ರಿ. ನಾನ ಕುಡಸ್ತೀನಿ," ಎಂದಳು.

ಎಣ್ಣೆಯನ್ನು ಊಟದ ನಂತರ ಕೊಡಬೇಕಿತ್ತು. ಅಜ್ಜಿ ಮಡಿಯಲ್ಲಿ ಅಡುಗೆ ಮಾಡಿ, ನೈವೇದ್ಯ ಮುಗಿಸಿ, ನನಗೆ ಉಣಬಡಿಸಿ, ಗ್ಯಾಲರಿಗೆ ಬಂದು ಚಮಚ ಹಿಡಿಯುತ್ತಿದ್ದಳು. ಮೊದಮೊದಲು ನಾನು ಉಗುಳಿದ್ದೆಲ್ಲ ಅವಳ ಸೀರೆಯ ಮೇಲೆಯೇ ಬೀಳುತ್ತಿತ್ತು. ನಾನು ಶಾಲೆಗೆ ಹೊರಟ ಮೇಲೆ ಮತ್ತೆ ನಲ್ಲಿಯ ಸಾಲಿನಲ್ಲಿ ನಿಂತು, ಎರಡನೆಯ ಸ್ನಾನ ಮಾಡಿ, ಆಮೇಲೆ ಅವಳ ಊಟ. ಚಳಿಗಾಲದಲ್ಲೂ ತಪ್ಪಲಿಲ್ಲ. "ಆಜೀ, ಇವತ್ತೂ ಎರಡು ಸ್ನಾನವೇ?" ಎಂದು ಪಕ್ಕದ ಮರಾಠಿಯಾಕೆ ನಕ್ಕರೆ, "ಮೊಮ್ಮಗಳಿಗೆ ಕಣ್ಣು ಬರ್ಲಿಕ್ಕೆ ಹತ್ಯಾವ, ನೀನೂ ಒಂದು ಬಕೆಟ್ ನೀರು ಕೊಡು," ಎನ್ನುತ್ತಿದ್ದಳು. ನಕ್ಕವಳೇ ಕೊಡುತ್ತಿದ್ದಳು.

ದಿನಾ ಮುಸ್ಸಂಜೆ ಅಜ್ಜಿ ಗ್ಯಾಲರಿಯ ತುದಿಯಲ್ಲಿ ನಿಂತು ಬೆರಳು ತೋರಿಸಿ "ಎಷ್ಟು?" ಎಂದು ಕೇಳುವಳು. ಕಾಣದಿದ್ದರೂ ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅವಳು ಕೈ ಇಳಿಸುತ್ತಿದ್ದಳು. ಒಂದು ಸಂಜೆ ಮಾತ್ರ, "ಮೂರು. ಕಿರಿಬೆರಳಿಗೆ ಅರಿಬಿ ಸುತ್ತೀಯಲ್ಲ, ಏನಾತು ಅಜ್ಜಿ?" ಎಂದೆ. ನಾನು ಶಾಲೆಗೆ ಹೋದ ಮೇಲೆ ಈಳಿಗೆಮಣೆ ತಾಗಿದ ಬೆರಳು ಅದು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಕುಳಿತುಬಿಟ್ಟಳು.

ಆ ಚಾಳು ಈಗಿಲ್ಲ. ಟೀಚರೂ ಇಲ್ಲ. ಕೊನೆಯ ವರ್ಷಗಳಲ್ಲಿ ಅಜ್ಜಿಯ ಕಣ್ಣುಗಳಿಗೇ ಪೊರೆ ಬಂದಿತ್ತು. ಅವಳು ತೀರಿಹೋಗುವ ಕೆಲವು ದಿನಗಳ ಮೊದಲು ಹಾಸಿಗೆಯ ಪಕ್ಕ ಕುಳಿತು ಎರಡು ಬೆರಳು ಎತ್ತಿ, "ಎಷ್ಟು ಅಜ್ಜಿ?" ಎಂದು ಕೇಳಿದೆ. ಅವಳು ನಕ್ಕು, "ಮೂರು," ಎಂದಳು.

ನಾನು ಇನ್ನೊಂದು ಬೆರಳು ಎತ್ತಿದೆ.