ಕಸ ತೆಗೆದ ಮೇಲೆ

ಕೇಂದ್ರ ಉಳಿಯಿತಲ್ಲ, ಇನ್ನೇನು ಬೇಕು ಎಂದು ಇವತ್ತಿಗೂ ಜನ ನನ್ನನ್ನು ಕೇಳುತ್ತಾರೆ. ನಾನು ಮುಖ ಗಂಟು ಹಾಕಿಕೊಂಡರೆ, ಈ ಹೆಂಗಸಿಗೆ ಏನು ಮಾಡಿದರೂ ಸಮಾಧಾನವಿಲ್ಲ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಡೋಣಿ ಎಂಬ ಊರಿನ ಆಚೆ, ಕಪ್ಪತಗುಡ್ಡದ ಬುಡದಲ್ಲಿ, ಶಾಲೆಯ ಮಕ್ಕಳನ್ನು ಬಯಲಿಗೆ ಕರೆತಂದು ಪರಿಸರದ ಪಾಠ ಹೇಳುವ ಒಂದು ಕೇಂದ್ರವಿದೆ. ಬೆಟಗೇರಿಯ ಶಾಲೆಯಲ್ಲಿದ್ದ ನನ್ನನ್ನು ಅಲ್ಲಿಗೆ ನಿಯೋಜನೆಯ ಮೇಲೆ ಕಳಿಸಿದ್ದರು. ಕಳಿಸಿದವರ ಲೆಕ್ಕದಲ್ಲಿ ಅದು ಶಿಕ್ಷೆ, ನನಗೋ ವರ. ಕೇಂದ್ರವೆಂದರೆ ಒಂದು ತಗಡಿನ ಶೆಡ್ಡು, ಒಂದು ನೀರಿನ ಟಾಕಿ, ಸುತ್ತ ಕೆಲವು ಎಕರೆ ಕುರುಚಲು ಕಾಡು. ಪಾಠವೆಲ್ಲ ಆ ಕುರುಚಲಿನಲ್ಲೇ. ಬಂದರಿಕೆ, ತಂಗಡಿ, ಕವಳಿ ಕಂಟಿ, ಎಕ್ಕೆ ಗಿಡ. ಮಗ್ಗದ ಸದ್ದಿನ ಓಣಿಗಳಲ್ಲಿ ಬೆಳೆದ ಮಕ್ಕಳು ಎಕ್ಕೆಯ ಎಲೆ ಮಗುಚಿ, ಅಲ್ಲಿ ಪಾತರಗಿತ್ತಿಯ ಹುಳು ಮೇಯುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಒಮ್ಮೆ ಕಾಲ ಹತ್ತಿರದಿಂದಲೇ ಗೌಜಲಹಕ್ಕಿ ಭರ್ರನೆ ಎದ್ದಾಗ ಒಬ್ಬಳು ಹೆದರಿ ಅತ್ತುಬಿಟ್ಟಳು. ಕಣ್ಣು ಒರೆಸಿಕೊಂಡು, "ಇನ್ನೊಮ್ಮೆ ಎಬ್ಬಸ್ರಿ ಅಕ್ಕೋರ" ಎಂದಳು. ಕರಿಹಲಗೆಯ ಮುಂದೆ ನಿಂತು ಕಳೆದ ಅಷ್ಟು ವರ್ಷಗಳಲ್ಲಿ ಯಾವ ಮಗುವೂ ನನ್ನ ಪಾಠವನ್ನು ಇನ್ನೊಮ್ಮೆ ಬೇಡಿರಲಿಲ್ಲ.

ಅಮಾವಾಸ್ಯೆಗೆ ಗುಡ್ಡಕ್ಕೆ ಬರುವ ಜನ ಉಂಡ ತಾಟು, ಕುಡಿದ ಬಾಟಲಿ ಎಲ್ಲವನ್ನೂ ನಮ್ಮ ಬೇಲಿಯೊಳಗೆ ಎಸೆದು ಹೋಗುತ್ತಿದ್ದರು. ಯಾರೋ ಅದರ ಫೋಟೊ ತೆಗೆದು ಮೊಬೈಲಿನಲ್ಲಿ ಹಂಚಿದರು. ಅದು ಗದಗಿನ ಶಿಕ್ಷಣ ಇಲಾಖೆಯ ಕಚೇರಿಯ ಸಾಹೇಬರ ಕಣ್ಣಿಗೂ ಬಿತ್ತು. ಕೇಂದ್ರಕ್ಕೆ ಬೀಗ ಹಾಕಿ ನನ್ನನ್ನು ಶಾಲೆಗೆ ವಾಪಸು ಕಳಿಸುವುದೆಂದು ತೀರ್ಮಾನವಾಯಿತು. ನೆಗಡಿ ಬಂತೆಂದು ಮೂಗು ಕೊಯ್ಯುವ ಬುದ್ಧಿ. ನಾನು ಅವರ ಕಚೇರಿಯ ಬೆಂಚಿನ ಮೇಲೆ ಕೂತು ಕೂತು ಸಾಕಾಗಿ, ಒಳಗೆ ಕರೆದಾಗ ಜಗಳವನ್ನೇ ತೆಗೆದೆ. ಜೊತೆಗೆ ಡೋಣಿಯ ಹಿರಿಯರೊಬ್ಬರಿದ್ದರು. ಕೇಂದ್ರದ ಸಮಿತಿಗೆ ಅವರೇ ಅಧ್ಯಕ್ಷರು.

"ಅಲ್ಲಿ ಬರೇ ಕಸ ಐತಿ. ಮದಲ ಕಸ ತಗಸ್ರಿ," ಎಂದರು ಸಾಹೇಬರು. "ಸೋಮವಾರ ಬಂದು ನೋಡ್ತೇನಿ. ಆಮ್ಯಾಲ ವಿಚಾರ ಮಾಡೂಣು."

"ಆತ್ರಿ ಸಾಹೇಬ್ರ. ಒಂದು ಕಡ್ಡಿ ಕಸ ಉಳಿಯಂಗಿಲ್ಲ," ಎಂದರು ಅಧ್ಯಕ್ಷರು.

ಇಷ್ಟೇನಾ ಎಂದು ನಾನು ಹಿಗ್ಗಿದೆ. ತಾಟು, ಬಾಟಲಿ ಆರಿಸಿ ಹಾಕುವುದು ಯಾವ ದೊಡ್ಡ ಕೆಲಸ? ಅದನ್ನು ಊರವರಿಗೆ ಬಿಟ್ಟು ನಾನು ಲಕ್ಷ್ಮೇಶ್ವರ, ಶಿರಹಟ್ಟಿ ತಿರುಗಿ, ಸೋಮವಾರ ಮಕ್ಕಳನ್ನು ಕರೆತನ್ನಿ ಎಂದು ಹೆಡ್‌ಮಾಸ್ತರರಿಗೆ ದುಂಬಾಲು ಬಿದ್ದೆ. ಮಕ್ಕಳು ಎಲೆ ಮಗುಚಿ ನೋಡುವುದನ್ನು ಸಾಹೇಬರು ಒಮ್ಮೆ ಕಂಡರೆ ಮತ್ತೆ ಬೀಗದ ಮಾತು ಎತ್ತಲಾರರು ಎಂದು ನಂಬಿದ್ದೆ.

ರವಿವಾರ ಸಂಜೆ ವಾಪಸು ಬಂದರೆ ಕುರುಚಲೇ ಇರಲಿಲ್ಲ. ಬೋಳು ಕೆಂಪು ನೆಲ. ಡೋಣಿಯ ಗಂಡಸರು, ಹೆಂಗಸರು ಬುತ್ತಿ ಕಟ್ಟಿಕೊಂಡು ಮುಯ್ಯಾಳಾಗಿ ಬಂದು, ಒಂದು ಪೈಸೆ ಕೂಲಿ ಕೇಳದೆ, ಕುಡಗೋಲು ಗುದ್ದಲಿ ಹಿಡಿದು ದುಡಿದಿದ್ದರು. ಉಳಿಸಿದ ನಾಲ್ಕು ಬೇವಿನ ಮರಗಳ ಬುಡಕ್ಕೆ ಸುಣ್ಣ, ಕೆಮ್ಮಣ್ಣು ಬಳಿದಿದ್ದರು. ಎಕ್ಕೆ, ಕವಳಿ, ಬಂದರಿಕೆ ಎಲ್ಲವನ್ನೂ ಒಟ್ಟಿ ಬೆಂಕಿ ಹಚ್ಚಿದ್ದ ಗುಂಪಿ ಇನ್ನೂ ಹೊಗೆಯಾಡುತ್ತಿತ್ತು. ಬೇಲಿಯ ಮೂಲೆಯಲ್ಲಿ ಪ್ಲಾಸ್ಟಿಕ್ ತಾಟುಗಳು ಹಾಗೆಯೇ ಬಿದ್ದಿದ್ದವು.

ಸಾಹೇಬರು ಹೇಳಿದ್ದು ಪೇಟೆಯ ಕಸ. ಇವರು ಕೇಳಿಸಿಕೊಂಡದ್ದು ಹೊಲದ ಕಸ. ಒಕ್ಕಲುತನದ ಮನೆಯಲ್ಲಿ ಕಸ ತೆಗೆಯುವುದೆಂದರೆ ಬಿತ್ತದೆ ಹುಟ್ಟಿದ್ದನ್ನು ಬೇರು ಸಹಿತ ಕೀಳುವುದು. ತಾಟು ಎತ್ತುವುದಕ್ಕೆ ಯಾರಾದರೂ ಊರು ಕೂಡಿಸುತ್ತಾರೆಯೇ?

"ಹಂಗ್ಯಾಕ ನಿಂತ್ರಿ ಅಕ್ಕೋರ? ಖರೆ ಹೇಳ್ರಿ, ಹೆಂಗಾಗೈತಿ?" ಎಂದರು ಅಧ್ಯಕ್ಷರು. ಅವರ ಧೋತರದ ತುಂಬ ಉತ್ತರಾಣಿ ಕಾಳು ಹತ್ತಿಕೊಂಡಿದ್ದವು. ಕವಳಿ ಮುಳ್ಳು ಗೀರಿ ಮುಂಗೈ ಕೆಂಪಾಗಿತ್ತು. ಬೈಯಬೇಕೆಂದು ಬಾಯಿ ತೆರೆದವಳು, "ಚಲೋ ಆಗೈತ್ರಿ" ಎಂದೆ. ದ್ರೋಹ ಮಾಡಿದವರನ್ನಾದರೆ ಬೈಯಬಹುದು. ಪ್ರೀತಿಯಿಂದ ಹಾಳು ಮಾಡಿದವರನ್ನು ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಬೆಳಿಗ್ಗೆ ಆ ತಾಟುಗಳನ್ನು ನಾನೇ ಎತ್ತಿ ಚೀಲಕ್ಕೆ ತುಂಬಿದೆ. ನಾನು ಕರೆದಿದ್ದ ಮಕ್ಕಳು ಬಂದರು, ಮಗುಚಿ ನೋಡಲು ಎಲೆಯೇ ಇರಲಿಲ್ಲ. ಸಾಹೇಬರೂ ಬಂದರು. ಬೋಳು ನೆಲವನ್ನು ಕಣ್ತುಂಬ ನೋಡಿ, "ಕೇಂದ್ರ ಅಂದ್ರ ಹಿಂಗಿರಬೇಕು" ಎಂದರು. ಮುಚ್ಚುವ ಆದೇಶ ಅಲ್ಲೇ ರದ್ದಾಯಿತು. ಜನ ಚಪ್ಪಾಳೆ ತಟ್ಟಿದರು, ನನಗೆ ಶಾಲು ಹೊದಿಸಿದರು. ಮುಂದೆ ಅಲ್ಲಿಗೆ ಹುಲ್ಲುಹಾಸು ಬಂತು, ಜೋಕಾಲಿ ಬಂತು, ಸಿಮೆಂಟಿನ ಎರಡು ಜಿಂಕೆಗಳೂ ಬಂದವು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು.

ಮಳೆ ಬಿದ್ದರೆ ಎಲ್ಲ ಮತ್ತೆ ಚಿಗುರುತ್ತದೆ ಎಂದು ನಾನು ಆಸೆಪಟ್ಟಿದ್ದೆ. ಚಿಗುರಿತು ಕೂಡ. ಎಕ್ಕೆಯ ಸಸಿಯೊಂದು ಗೇಣುದ್ದ ಎದ್ದಿತ್ತು. ಅಷ್ಟರಲ್ಲಿ ಊರವರು ಗುದ್ದಲಿ ಹಿಡಿದು ಬಂದರು. ಇದು ಕಸವಲ್ಲ, ಮಕ್ಕಳ ಪಾಠ ಇರುವುದೇ ಇದರಲ್ಲಿ ಎಂದು ಅಡ್ಡ ನಿಂತು ಹೇಳಿದೆ. ಅಧ್ಯಕ್ಷರು ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದರು, "ನೀವು ಸುಮ್ನಿರ್ರಿ ಅಕ್ಕೋರ. ಕಸ ಬಿಟ್ರ ಸಾಹೇಬ್ರು ಮತ್ತ ಬೀಗ ಹಾಕ್ತಾರ." ಆ ಮಾತು ಸುಳ್ಳಾಗಿರಲಿಲ್ಲ. ನಾನು ಪಕ್ಕಕ್ಕೆ ಸರಿದೆ.

ಮಕ್ಕಳು ಈಗಲೂ ಬರುತ್ತಾರೆ, ಮೊದಲಿಗಿಂತ ಹೆಚ್ಚು. ಜೋಕಾಲಿಗೆ ಸರದಿ ಹಚ್ಚಿ, ಜಿಂಕೆಯ ಮೇಲೆ ಕೂತು ಫೋಟೊ ತೆಗೆಸಿಕೊಂಡು, ಖುಷಿಯಿಂದ ಹೋಗುತ್ತಾರೆ. ಹೋದ ತಿಂಗಳು ಲಕ್ಷ್ಮೇಶ್ವರದ ಹುಡುಗಿಯೊಬ್ಬಳು ಜೋಕಾಲಿ ಆಡುತ್ತ ಆಡುತ್ತ ಕಾಲೂರಿ ನಿಲ್ಲಿಸಿ, ಮಳೆಗೆ ಹಸಿರಾಗಿ ನಿಂತ ಕಪ್ಪತಗುಡ್ಡವನ್ನು ನೋಡಿದಳು.

"ಅಕ್ಕೋರ, ಗುಡ್ಡದ ತುಂಬ ಎಷ್ಟ ಕಸ ಐತ್ರಿ. ಅದನ್ನ ಯಾವಾಗ ತಗಸ್ತೀರಿ?"

ನಾನು ಜಗಳಾಡಿ ಉಳಿಸಿದ ಕೇಂದ್ರ ಆ ಮಗುವಿಗೆ ಕಲಿಸಿದ್ದು ಇದನ್ನು. ಸಿಟ್ಟು ಬರಬೇಕಿತ್ತು, ಅಳು ಬಂತು.