ಹೇಂಟೆಯ ಕೂಗು ಕಲಿತದ್ದು

ನನಗೆ ಹೆಣ್ಣು ಟರ್ಕಿ ಕೋಳಿಯ ಹಾಗೆ ಕೂಗಲು ಬರುತ್ತದೆ. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರ ಬಾಯಿಂದ ಗೊತ್ತಾದರೆ ನೀವು ಇನ್ನೇನೇನೋ ಅಂದುಕೊಂಡೀರಿ. ಹುಬ್ಬಳ್ಳಿಯ ಲಿಂಗಾಯತರ ಮನೆಯ ಮಗಳು ನಾನು, ತತ್ತಿ ಬೇಯಿಸಿದ ಪಾತ್ರೆಯನ್ನು ಕೂಡ ಬೇರೆ ಇಡುವವಳು. ಕುವೈತಿನಲ್ಲಿ ಕೂತು ಬೇಟೆಗಾರರ ವಿದ್ಯೆ ಕಲಿತೆ ಎಂದರೆ ಅದಕ್ಕೆ ಕಾರಣ ಒಬ್ಬರ ಎಡಗಡೆಯ ತುಟಿ.

ನಮ್ಮ ಮನೆಯವರು ಅಹ್ಮದಿಯಲ್ಲಿ ಎಂಜಿನಿಯರ್. ನಾನು ಅಲ್ಲೇ ಹತ್ತಿರದ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಚಳಿಗಾಲ ಮುಗಿಯುತ್ತಿದ್ದಾಗ ಡೇಲ್ ಎಂಬ ಅಮೆರಿಕದವರು ನನ್ನ ಹತ್ತಿರ ಬಂದರು. ಅರವತ್ತರ ಆಸುಪಾಸು, ಬಾಗಿಲು ತುಂಬುವಂಥ ಆಳು. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿತಂತೆ. ಕನ್ನಡಿ ನೋಡಿದರೆ ಅರ್ಧ ಮುಖ ರಜೆ ಹಾಕಿತ್ತು. ಮುಖದ ನರಕ್ಕೆ ಬರುವ ಈ ತೊಂದರೆ ಬಹಳ ಮಂದಿಗೆ ನಿಧಾನವಾಗಿ ಸರಿಹೋಗುತ್ತದೆ. ಡಾಕ್ಟರು ಔಷಧಿ ಕೊಟ್ಟು, ವ್ಯಾಯಾಮಕ್ಕೆಂದು ನನ್ನಲ್ಲಿಗೆ ಕಳಿಸಿದ್ದರು.

ನಾನು ಎಲ್ಲ ರೋಗಿಗಳನ್ನೂ ಕೇಳುವ ಪ್ರಶ್ನೆಯೊಂದಿದೆ: "ಹುಷಾರಾದ ಮೇಲೆ ಮೊದಲು ಏನು ಮಾಡಬೇಕು ಅಂತಿದ್ದೀರಿ?" ಸೋರದ ಹಾಗೆ ಚಹಾ ಕುಡಿಯಬೇಕು ಎನ್ನುವವರಿದ್ದಾರೆ, ಮಗಳ ಮದುವೆಯ ಫೋಟೋದಲ್ಲಿ ನೆಟ್ಟಗೆ ನಗಬೇಕು ಎನ್ನುವವರಿದ್ದಾರೆ. ಡೇಲ್ ಮಾತ್ರ, "ಏಪ್ರಿಲ್‌ನಲ್ಲಿ ಊರಿಗೆ ಹೋಗಿ ಟರ್ಕಿ ಕೋಳಿ ಕರೀಬೇಕು" ಎಂದರು. ಹೇಳುವಾಗ ಏಪ್ರಿಲ್ಲಿನ 'ಪ' ತುಟಿಯ ಸಂದಿಯಿಂದ ಬರೀ ಗಾಳಿಯಾಗಿ ಹೋಯಿತು.

"ಕರೆಯೋದು ಅಂದರೆ? ಊಟಕ್ಕೋ?" ಎಂದೆ.

"ಒಂದು ರೀತಿ ಹೌದು" ಎಂದು ಅವರು ಅರ್ಧ ಮುಖದಲ್ಲಿ ನಕ್ಕರು.

ಆಮೇಲೆ ತಿಳಿಯಿತು. ಅವರ ಊರಿನ ಕಾಡಿನಲ್ಲಿ ವಸಂತ ಬಂದರೆ ಗಂಡು ಟರ್ಕಿಗಳು ಬಾಲ ಬಿಚ್ಚಿ ಕೂಗುತ್ತವೆ. ಬೇಟೆಗಾರ ಮರಕ್ಕೆ ಒರಗಿ ಅಲುಗಾಡದೆ ಕೂತು ಹೇಂಟೆಯ ದನಿ ತೆಗೆಯಬೇಕು. ಹುಂಜ ಅದನ್ನು ನಂಬಿ ಬರಬೇಕು. ಹಕ್ಕಿಯ ಕಣ್ಣು ಬಲು ಚುರುಕು, ಕೈ ಆಡಿಸಿದರೆ ಆಟ ಮುಗಿಯಿತು. ಅದಕ್ಕೇ ಕುದುರೆ ಲಾಳದಾಕಾರದ ಸಣ್ಣ ಪಟ್ಟಿಗೆ ರಬ್ಬರಿನ ತೆಳುಪೊರೆ ಬಿಗಿದ ಪೀಪಿಯನ್ನು ಅಂಗುಳಕ್ಕೆ ಅಂಟಿಸಿಕೊಂಡು ಬಾಯೊಳಗೇ ಊದುತ್ತಾರೆ. ಎಲ್ಲ ಕರಾಮತ್ತೂ ನಾಲಗೆ, ಉಸಿರು, ತುಟಿಗಳದ್ದು.

ಇಷ್ಟು ವರ್ಷ ಕರೆಯುತ್ತಿದ್ದವರು ಡೇಲ್ ಅವರ ಅಣ್ಣ. ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದವರು ಡೇಲ್. ಈಗ ಅಣ್ಣನ ಶ್ವಾಸಕೋಶ ಸೋತಿದೆ, ನಾಲ್ಕು ಮಾತಿಗೊಮ್ಮೆ ದಮ್ಮು ಕಟ್ಟುತ್ತದೆ. ಫೋನಿನಲ್ಲಿ, "ಇದೇ ನನ್ನ ಕೊನೇ ವಸಂತ ಅಂತ ಕಾಣುತ್ತೆ. ಈ ಸಲ ನೀನು ಕರಿ, ನಾನು ಹೊಡೀತೀನಿ" ಎಂದಿದ್ದರಂತೆ. ತಮ್ಮ ಒಪ್ಪಿಕೊಂಡ ಕೆಲವೇ ದಿನಕ್ಕೆ ಮುಖ ಕೈಕೊಟ್ಟಿತ್ತು.

ಇಂಥ ರೋಗಿಗೆ "ಕನ್ನಡಿ ಮುಂದೆ ಅ, ಇ, ಉ ಹೇಳಿ" ಎಂದರೆ ಯಾವ ಉತ್ಸಾಹ ಬಂದೀತು? ಅವರು ಫೋನಿನಲ್ಲಿ ಹಾಕಿ ತೋರಿಸಿದ ಕೂಗುಗಳನ್ನು ಗಮನವಿಟ್ಟು ಕೇಳಿದೆ. ಒಂದು, ತುಟಿ ಸಿಡಿಸಿ 'ಪಕ್' ಎನ್ನುವುದು. ಇನ್ನೊಂದು, ತುಟಿ ಅದುರಿಸಿ 'ಪುರ್ರ್' ಎನ್ನುವುದು. ನಾನು ಮಾಡಿಸಬೇಕಿದ್ದ ವ್ಯಾಯಾಮವೂ ಹೆಚ್ಚುಕಡಿಮೆ ಅದೇ! ಆದರೆ ಕಲಿಸುವವಳಿಗೆ ಮೊದಲು ಬರಬೇಕಲ್ಲ. ಡೇಲ್ ಹೊಸದೊಂದು ಪೀಪಿಯ ಪ್ಯಾಕೆಟ್ಟನ್ನು ನನ್ನ ಮೇಜಿನ ಮೇಲಿಟ್ಟರು.

ಮೊದಲ ಪ್ರಯತ್ನದಲ್ಲಿ ನನಗೆ ವಾಕರಿಕೆ ಬಂತು, ಕೂಗು ಬರಲಿಲ್ಲ. ಎರಡನೆಯದು ಮನೆಯ ಅಡುಗೆಮನೆಯಲ್ಲಿ.

"ಏನಾತು? ಕುಕ್ಕರಿನ ಗ್ಯಾಸ್ಕೆಟ್ ಹೋತೇನು?" ನಮ್ಮವರು ಹಾಲಿನಿಂದಲೇ ಕೇಳಿದರು.

"ಅಲ್ಲರೀ, ಹೇಂಟಿ ಕೂಗು ಕಲ್ಯಾಕತ್ತೀನಿ."

ಬಾಯಲ್ಲಿ ರಬ್ಬರು, ಅವರಿಗೆ ಅದು 'ಹೇಣ್ತಿ ಕೂಗು' ಎಂದು ಕೇಳಿಸಿತು. "ಅದು ದಿನಾ ಇದ್ದದ್ದ ಐತಲ್ಲ, ಹೊಸದಾಗಿ ಏನ್ ಕಲಿಯೂದು?" ಎಂದು ಟಿವಿಯ ದನಿ ಏರಿಸಿದರು.

ಈ ಹಕ್ಕಿಯ ಹೆಸರೂ ಒಂದು ತಮಾಷೆ. ಇಂಗ್ಲಿಷರು ಇದನ್ನು ಟರ್ಕಿಯದ್ದು ಎಂದರು. ಟರ್ಕಿಯವರು 'ಹಿಂದಿ' ಎನ್ನುತ್ತಾರಂತೆ, ಅಂದರೆ ನಮ್ಮ ಕಡೆಯದು! ಇಲ್ಲಿನ ಅರಬರು 'ದೀಕ್ ರೂಮಿ' ಎಂದು ರೋಮಿನ ಲೆಕ್ಕಕ್ಕೆ ಬರೆದಿದ್ದಾರೆ. ಬದನೆ, ಹುಣಸೆ, ಎಣ್ಣೆ ಎಲ್ಲಕ್ಕೂ ಸೀಮೆ ಹಚ್ಚಿದ ನಮ್ಮ ಅಜ್ಜಿ ನೋಡಿದ್ದರೆ ಸೀಮೆಕೋಳಿ ಅನ್ನುತ್ತಿದ್ದಳು. ಹುಟ್ಟಿದ್ದು ಅಮೆರಿಕದಲ್ಲಿ, ಹೋದಲ್ಲೆಲ್ಲ ಬೇರೆ ಕಡೆಯದು ಅನ್ನಿಸಿಕೊಂಡದ್ದು. ಇಕಾಮಾ ಎಂಬ ವಾಸದ ಪರವಾನಗಿ ಹಿಡಿದು ಬದುಕುವ ನಮ್ಮಂಥವರಿಗೆ ಅದರ ಮೇಲೆ ಮಮತೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಆ ಮಮತೆಯೇ ತೊಂದರೆಗೂ ಬಂತು. ನಾನು ಕಲಿಸುತ್ತಿರುವುದು ಹಕ್ಕಿಗೆ ಮೋಸಮಾಡುವ ವಿದ್ಯೆಯಲ್ಲವೆ? ಡೇಲ್‌ಗೆ ಬಿಚ್ಚಿ ಹೇಳಿದೆ. ಅವರು ನಗಲಿಲ್ಲ. "ಎಷ್ಟೋ ಸಲ ಹಕ್ಕಿ ಬರೋದೇ ಇಲ್ಲ. ಬಂದರೆ ಒಂದೇ, ಅದನ್ನು ಮನೆಯವರೆಲ್ಲ ಕೂತು ಉಣ್ಣುತ್ತೇವೆ. ನಿಮಗೆ ಬೇಡ ಅನ್ನಿಸಿದರೆ ನಾವು ಅ, ಇ, ಉ ಮಾಡೋಣ" ಎಂದರು. ರಾತ್ರಿಯೆಲ್ಲ ಯೋಚಿಸಿ, ತುಟಿಯ ಜವಾಬ್ದಾರಿ ನನ್ನದು, ಹಕ್ಕಿಯದು ದೇವರದು ಎಂದು ಪಾಲು ಮಾಡಿಕೊಂಡೆ. ದೇವರ ಪಾಲಿಗೆ ಕಷ್ಟದ್ದನ್ನು ಬಿಡುವುದು ನಮ್ಮ ಹಳೆಯ ಅಭ್ಯಾಸ.

ವಾರಗಳು ಕಳೆದವು. ಡೇಲ್‌ಗೆ ಅವಸರ, ಕೆನ್ನೆ ಕೆಂಪಾಗುವಷ್ಟು ಊದುತ್ತಿದ್ದರು. ನರಕ್ಕೆ ಬಲವಂತ ಸಲ್ಲದು, ಸಣ್ಣದಾಗಿ, ಮೆತ್ತಗೆ, ನಡುನಡುವೆ ಬಿಡುವು ಕೊಟ್ಟು ಮಾಡಿ ಎಂದು ನಾನು ಗದರುತ್ತಿದ್ದೆ. ಒಂದು ದಿನ ಅವರೇ ಥಟ್ಟನೆ ನಿಂತು, "ಅಣ್ಣನೂ ಇದನ್ನೇ ಹೇಳ್ತಿದ್ದ. ಹೆಚ್ಚು ಕರೆದರೆ ಹುಂಜ ಅಲ್ಲೇ ನಿಂತುಬಿಡುತ್ತೆ. ಕರಿ, ಆಮೇಲೆ ಸುಮ್ಮನಿರು ಅಂತಿದ್ದ" ಎಂದರು.

ಮಾರ್ಚಿನ ಒಂದು ಶುಕ್ರವಾರ ನಮ್ಮವರು ಕಾರು ತೆಗೆದರು. ಮೂವರೂ ವಫ್ರಾದ ತೋಟಗಳ ಕಡೆ ಹೋದೆವು. ಅಲ್ಲೊಂದು ತೋಟದಲ್ಲಿ ಟರ್ಕಿ ಸಾಕಿದ್ದರು. ಜಾಲರಿಯ ಆಚೆ ದೊಡ್ಡದೊಂದು ಹುಂಜ, ಮರುಭೂಮಿಯ ಧೂಳಿನಲ್ಲಿ ಯಜಮಾನನ ಹಾಗೆ ತಿರುಗುತ್ತಿತ್ತು. ಡೇಲ್ ಕರೆದರು. ಎಡಗಡೆಯಿಂದ ಗಾಳಿ ಸೋರಿ ದನಿ ಹರಿಯಿತು, ಹುಂಜ ತಲೆಯೆತ್ತಲಿಲ್ಲ. ಮತ್ತೆ ಕರೆದರು. ಇಲ್ಲ. ಅವರು ಪೀಪಿ ತೆಗೆದು ಕೈಯಲ್ಲಿ ಹಿಡಿದು ಬೇರೆ ಕಡೆ ನೋಡುತ್ತ ನಿಂತರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣಗಾದದ್ದನ್ನು ನಾನು ನೋಡಿರಲಿಲ್ಲ.

"ನೀನೊಮ್ಮೆ ಕೂಗಿ ನೋಡು" ಎಂದರು ನಮ್ಮವರು.

ನನ್ನ ಪೀಪಿಯನ್ನು ಬಾಯಿಗಿಟ್ಟು, ಸೆರಗನ್ನು ಅಡ್ಡ ಹಿಡಿದು ಕೂಗಿದೆ. ಹುಂಜ ಗಕ್ಕನೆ ನಿಂತಿತು. ಬಾಲ ಬಿಸಣಿಗೆಯಂತೆ ಬಿಚ್ಚಿಕೊಂಡಿತು, ಕತ್ತು ಕೆಂಪು ನೀಲಿಯಾಯಿತು, 'ಗುಳುಗುಳುಗುಳು' ಎನ್ನುತ್ತ ನೇರ ನನ್ನ ಕಡೆಗೇ ನಡೆದು ಬಂತು. ನಾನು ಹೆದರಿ ಗಂಡನ ಹಿಂದೆ ಅಡಗಿದೆ. ಅವರು ಹುಂಜನಿಗೆ ಕೈಮುಗಿದು, "ಮಾಫಿ ಮಾಡಪಾ, ಇಕಿದು ಲಗ್ನ ಆಗೇದ" ಎಂದರು. ಮಾತು ತಿಳಿಯದಿದ್ದರೂ ಡೇಲ್ ಹೊಟ್ಟೆ ಹಿಡಿದು ನಕ್ಕರು. ಆಗ ನೋಡಿದೆ. ಅವರ ತುಟಿಯ ಎಡತುದಿ ಕೂದಲೆಳೆಯಷ್ಟು ಮೇಲೆ ಹೋಗಿತ್ತು.

"ಡೇಲ್, ಅಲ್ಲೇ ಇರಿ, ನಗ್ತಾ ಇರಿ!" ಎಂದು ಕಿರುಚಿ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ನೋಡಿದರು. ಬಾಗಿಲು ತೆರೆದ ಮೇಲೆ ಬೆಳಕು ಬರಲು ತಡವೇನು? ದಿನದಿನಕ್ಕೂ ತುಟಿ ಹಿಡಿತಕ್ಕೆ ಬಂತು. ಏಪ್ರಿಲ್‌ನಲ್ಲಿ ಊರಿಗೆ ಹೊರಡುವ ದಿನ ಡೇಲ್ ಕ್ಲಿನಿಕ್ಕಿಗೆ ಬಂದು ಮೂರು ಸಲ 'ಪಕ್' ಎಂದು, ಬಾಯಿ ಮುಚ್ಚಿ ಸುಮ್ಮನೆ ನಿಂತರು. ಅಚ್ಚುಕಟ್ಟಾದ ಹೇಂಟೆ.

ಏಪ್ರಿಲ್ ಕೊನೆಗೆ ಅಲ್ಲಿಂದ ಧ್ವನಿ ಸಂದೇಶ ಬಂತು. ಮಾತಾಡಿದವರು ಅಣ್ಣ, ನಡುನಡುವೆ ದಮ್ಮು ತೆಗೆದುಕೊಳ್ಳುತ್ತ. "ಮೇಡಂ, ನಿಮ್ಮ ರೋಗಿ ನನಗಿಂತ ಚೆನ್ನಾಗಿ ಕರೆದ. ಹಕ್ಕಿ ಇಪ್ಪತ್ತು ಹೆಜ್ಜೆಯಷ್ಟು ಹತ್ತಿರಕ್ಕೆ ಬಂದಿತ್ತು. ನನ್ನ ಗುರಿ ತಪ್ಪಿತು. ನಾಚಿಕೆಗೇಡು! ಇರಲಿ, ಮುಂದಿನ ವಸಂತಕ್ಕೆ ಅದನ್ನು ಬಿಡೋದಿಲ್ಲ." ಹಿಂದಿನಿಂದ ಡೇಲ್ ನಗುತ್ತಿದ್ದುದು ಕೇಳಿಸಿತು.

ಕೊನೆಯ ವಸಂತ ಎಂದಿದ್ದ ಮನುಷ್ಯ ಮುಂದಿನದರ ಮಾತಾಡುತ್ತಿದ್ದರು. ಗುರಿ ಮುಟ್ಟಿದ್ದರೆ ಆಡುತ್ತಿದ್ದರೋ ಇಲ್ಲವೋ. ಕನ್ನಡದಲ್ಲಿ ಕಾಯಿಲೆ ಗುಣವಾದರೂ ವಾಸಿ ಎನ್ನುತ್ತೇವೆ, ಅದಕ್ಕಿಂತ ಇದು ಮೇಲು ಎನ್ನುವಾಗಲೂ ವಾಸಿ ಎನ್ನುತ್ತೇವೆ. ಎರಡಕ್ಕೂ ಒಂದೇ ಮಾತನ್ನು ಇಟ್ಟ ಹಿರಿಯರಿಗೆ ಗೊತ್ತಿದ್ದಿರಬೇಕು: ಕೆಲವೊಮ್ಮೆ ಗುರಿ ತಪ್ಪುವುದೇ ವಾಸಿ.